ಬೆಳಗಿನ ಹೊತ್ತು ಸರಿಯಿರುವ ದೇಹ ರಾತ್ರಿ ಏಕೆ ಸೋಲುತ್ತದೆ?

ಪ್ರಶ್ನೆ: ನನಗೆ 34 ವರ್ಷ. ಎಂಟು ತಿಂಗಳ ಹಿಂದೆ, ಕೆಲಸದ ಒತ್ತಡದಲ್ಲಿದ್ದ ಒಂದು ರಾತ್ರಿ, ಮಿಲನದ ನಡುವೆಯೇ ನಿಮಿರುವಿಕೆ ಕುಗ್ಗಿಹೋಯಿತು. ಅಂದಿನಿಂದ ‘ಈ ಸಲವೂ ಹಾಗೇ ಆದರೆ’ ಎಂಬ ಭಯ ಕಾಡುತ್ತದೆ, ಹಾಗೇ ಆಗುತ್ತದೆ ಕೂಡ. ಬೆಳಗ್ಗೆ ಏಳುವಾಗ ಮಾತ್ರ ಯಾವ ತೊಂದರೆಯೂ ಇರುವುದಿಲ್ಲ. ತನ್ನ ಮೇಲೆ ಆಸೆ ಹೋಯಿತೇ ಎಂದು ಹೆಂಡತಿ ಕೇಳುತ್ತಾಳೆ. ನನ್ನ ಗಂಡಸುತನವೇ ಹೋಯಿತೇ?

ಉತ್ತರ: ಇಲ್ಲ. ಬೆಳಗಿನ ಸಂಗತಿಯನ್ನು ನೀವು ಬರೆದದ್ದು ಒಳ್ಳೆಯದಾಯಿತು. ನಿದ್ರೆಯಲ್ಲಿ ಸಹಜವಾಗಿ ನಿಮಿರುವಿಕೆ ಆಗುತ್ತಿದೆ ಎಂದರೆ ರಕ್ತನಾಳಗಳೂ ನರಗಳೂ ಬಹುಮಟ್ಟಿಗೆ ತಮ್ಮ ಕೆಲಸ ಮಾಡುತ್ತಿವೆ ಎಂದೇ ವೈದ್ಯರು ತಿಳಿಯುತ್ತಾರೆ. ಭಯಪಟ್ಟಾಗ ದೇಹದಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಹೆಚ್ಚುತ್ತದೆ, ಅದು ಶಿಶ್ನದ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಆದರೆ ನಿಮಿರುವಿಕೆಗೆ ಬೇಕಾದದ್ದು ಅವು ಸಡಿಲಗೊಳ್ಳುವುದು. ಹೆಂಡತಿಯ ಪಕ್ಕದಲ್ಲಿದ್ದರೂ ನಿಮ್ಮ ಗಮನವೆಲ್ಲ ನಿಮ್ಮ ದೇಹದ ಮೇಲೆಯೇ ಇರುತ್ತದೆ, ‘ಆಯಿತೇ, ಉಳಿಯಿತೇ’ ಎಂದು ಕ್ಷಣಕ್ಷಣವೂ ಪರೀಕ್ಷಿಸುತ್ತಿರುತ್ತೀರಿ. ಸ್ಪರ್ಶದ ಸುಖ ಅರಿವಿಗೇ ಬರುವುದಿಲ್ಲ. ಅಮೆರಿಕದ ಲೈಂಗಿಕತೆಯ ಸಂಶೋಧಕರಾದ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ 1970ರಲ್ಲೇ ಇದನ್ನು ತನ್ನ ಮಿಲನಕ್ಕೆ ತಾನೇ ಪ್ರೇಕ್ಷಕನಾಗುವ ಸ್ಥಿತಿ ಎಂದು ಗುರುತಿಸಿದ್ದರು. ಹೆಂಗಸರಿಗೂ ಇದು ತಪ್ಪಿದ್ದಲ್ಲ; ನೋವಿನ ಭಯ, ದೇಹದ ಬಗೆಗಿನ ನಾಚಿಕೆ, ಹಿಂದೆ ಅನುಭವಿಸಿದ ದೌರ್ಜನ್ಯದ ನೆನಪು ಅವರ ಆಸೆಯನ್ನೂ ತೃಪ್ತಿಯನ್ನೂ ಕುಗ್ಗಿಸಬಲ್ಲವು.

ಮಾಸ್ಟರ್ಸ್ ಮತ್ತು ಜಾನ್ಸನ್ ರೂಪಿಸಿದ ಅಭ್ಯಾಸವನ್ನು ಲೈಂಗಿಕ ಚಿಕಿತ್ಸಕರು ಇಂದಿಗೂ ಬಳಸುತ್ತಾರೆ. ಕೆಲವು ವಾರ ಸಂಭೋಗವನ್ನು ಇಬ್ಬರೂ ಒಪ್ಪಿಯೇ ದೂರವಿಡಬೇಕು. ಮೊದಲು ಬೆನ್ನು, ತೋಳು, ಕೈಗಳನ್ನಷ್ಟೇ ನಿಧಾನವಾಗಿ ಸವರುತ್ತ, ಚರ್ಮದ ಬಿಸಿ ಮತ್ತು ನುಣುಪಿನತ್ತ ಗಮನವಿಟ್ಟು, ಜನನಾಂಗದ ಸ್ಪರ್ಶಕ್ಕೆ ಬಹಳ ತಡವಾಗಿ ಬರಬೇಕು. ಗೆಲ್ಲಲೇಬೇಕಾದ ಪರೀಕ್ಷೆಯೇ ಇಲ್ಲವಾದಾಗ ಭಯಕ್ಕೆ ಆಸರೆ ತಪ್ಪುತ್ತದೆ.

ಆದರೂ ಒಮ್ಮೆ ವೈದ್ಯರನ್ನು ಕಂಡು ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್ ಪರೀಕ್ಷಿಸಿಕೊಳ್ಳಿ, ಏಕೆಂದರೆ ಹೃದ್ರೋಗದ ಮೊದಲ ಸುಳಿವು ಕೆಲವೊಮ್ಮೆ ನಿಮಿರುವಿಕೆಯ ತೊಂದರೆಯಲ್ಲೇ ಕಾಣುತ್ತದೆ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತಿಳಿಸಿ. ಅಂಥ ಕೆಲವು ಮಾತ್ರೆಗಳಿಂದ ಈ ತೊಂದರೆ ಬರಬಹುದು, ಆದರೆ ನೀವಾಗಿಯೇ ನಿಲ್ಲಿಸಬೇಡಿ.

ಎಲ್ಲಕ್ಕಿಂತ ಮೊದಲು ಹೆಂಡತಿಯ ಪ್ರಶ್ನೆಗೆ ಉತ್ತರಿಸಿ. ನಿಮ್ಮ ಮೌನವನ್ನು ಅವರು ತಮ್ಮ ಮೇಲಿನ ಬೇಸರವೆಂದೇ ತಿಳಿದಿದ್ದಾರೆ. ಹಾಸಿಗೆಯಲ್ಲಿ ಬೇಡ, ಹಗಲಿನಲ್ಲಿ ಇಬ್ಬರೇ ಇರುವಾಗ, ‘ಆಸೆ ಹೋಗಿಲ್ಲ, ಹೆದರಿಕೆಯಾಗುತ್ತಿದೆ’ ಎಂದು ಹೇಳಿ.