ಹಕ್ಕುಗಳೆಲ್ಲ ಅಮೆರಿಕದಿಂದ ಬಂದವೇ?

ಮೂಲಭೂತ ಹಕ್ಕುಗಳೆಂದರೆ ಅಮೆರಿಕದ ನಕಲು ಎಂದುಕೊಂಡ ಮಕ್ಕಳಿಗೆ ಒಂದೇ ಪೀರಿಯಡ್‌ನಲ್ಲಿ ಹೇಗೆ ತಿಳಿಸುವುದು ಎಂದು ಕೇಳಿದ್ದೀರಿ, ಮೇಡಂ. ಆರೂ ಹಕ್ಕು ಮುಟ್ಟಲು ಹೋಗಬೇಡಿ, ಎಲ್ಲವೂ ಬರೀ ಪಟ್ಟಿಯಾಗಿಬಿಡುತ್ತದೆ. ಜಾತಿ, ಧರ್ಮದ ಕಾರಣಕ್ಕೆ ಯಾರನ್ನೂ ಸಾರ್ವಜನಿಕ ಸ್ಥಳಗಳಿಂದ ತಡೆಯಬಾರದು ಎನ್ನುವ 15(2)ನೇ ವಿಧಿಯನ್ನು ಬೋರ್ಡಿನ ಮೇಲೆ ಬರೆದು, ಸಂವಿಧಾನದಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಮಾತು ಯಾಕೆ ಬಂತು ಎಂದು ಕೇಳಿ. ಐದು ನಿಮಿಷ ಅವರೇ ಊಹಿಸಲಿ, ನೀವು ಬಾಯಿ ಬಿಡಬೇಡಿ. ಆಮೇಲೆ 1927ರ ಮಹಾಡ್ ಸತ್ಯಾಗ್ರಹ ಹೇಳಿ: ದಲಿತರಿಗೆ ಮುಟ್ಟಗೊಡದ ಸಾರ್ವಜನಿಕ ಕೆರೆಯ ನೀರು ಕುಡಿಯುವುದೇ ಅಂಬೇಡ್ಕರರ ಹೋರಾಟವಾಗಿತ್ತು. ಈ ಸಾಲು ನಮ್ಮ ನೆಲದ್ದೇ.

ಸಮಯವಿದ್ದರೆ, ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ಬ್ರಿಟಿಷರು ತಂದ 1919ರ ರೌಲಟ್ ಕಾಯ್ದೆಯ ಪಕ್ಕ, ಬಂಧಿತರಿಗೆ ರಕ್ಷಣೆ ಕೊಡುವ 22ನೇ ವಿಧಿ ಇಡಿ. ಆ ವಿಧಿ ಮುನ್ನೆಚ್ಚರಿಕೆ ಬಂಧನಕ್ಕೂ, ಅಂದರೆ ಅಪರಾಧ ನಡೆಯುವ ಮೊದಲೇ ಹಿಡಿದಿಡುವುದಕ್ಕೂ, ಅವಕಾಶ ಕೊಡುತ್ತದೆ. ಅದನ್ನು ಮುಚ್ಚಿಡಬೇಡಿ, ಒಳ್ಳೆಯ ಚರ್ಚೆ ಹುಟ್ಟುವುದೇ ಅಲ್ಲಿ. ಅಮೆರಿಕದ ಪ್ರಭಾವವೂ ನಿಜ, ಆದರೆ ಕಾಂಗ್ರೆಸ್ಸಿನ ಕರಾಚಿ ಅಧಿವೇಶನ 1931ರಲ್ಲೇ ಹಕ್ಕುಗಳ ನಿರ್ಣಯ ಮಾಡಿತ್ತು.