ಅಜ್ಜಿಯ ಮುಖದ ಸುಕ್ಕು ಎದ್ದು ಕಾಣಬೇಕಾ? ಮೊದಲು ಕ್ಲಾರಿಟಿಯನ್ನು ಸೊನ್ನೆಗೆ ತನ್ನಿ

ನಿಮ್ಮ ಪ್ರಶ್ನೆ ಓದಿದೆ. 84 ವರ್ಷದ ಅಜ್ಜಿಯನ್ನು ಜಗುಲಿ ಮೇಲೆ ಕೂರಿಸಿ ಫೋಟೋ ತೆಗೆದಿದ್ದೀರಿ. ಸುಕ್ಕು ಎದ್ದು ಕಾಣಲಿ ಅಂತ ಫೋಟೋ ತಿದ್ದುವ ಲೈಟ್‌ರೂಮ್ ಆ್ಯಪ್‌ನಲ್ಲಿ ಕ್ಲಾರಿಟಿ ಅನ್ನುವ ಸ್ಲೈಡರ್ ಅನ್ನು 60ಕ್ಕೆ ಏರಿಸಿದ್ದೀರಿ. ಸುಕ್ಕೇನೋ ಕಾಣುತ್ತಿದೆ, ಆದರೆ ಮುಖಕ್ಕೆ ಮಸಿ ಮೆತ್ತಿದ ಹಾಗಿದೆ, ಅಜ್ಜಿ ಕಾಯಿಲೆ ಬಿದ್ದವರ ತರಹ ಕಾಣುತ್ತಾರೆ, ಎಲ್ಲಿ ತಪ್ಪಿದೆ ಅಂತ ಕೇಳಿದ್ದೀರಿ.

ತಪ್ಪು ಆ ಸ್ಲೈಡರ್‌ನಲ್ಲೇ ಇದೆ. ಕ್ಲಾರಿಟಿಗೆ ಸುಕ್ಕು ಯಾವುದು ಅಂತ ಗೊತ್ತಾಗುವುದಿಲ್ಲ. ತೀರಾ ಬೆಳಕೂ ಅಲ್ಲದ ತೀರಾ ಕತ್ತಲೂ ಅಲ್ಲದ ಜಾಗಗಳಲ್ಲಿ ಅದು ಕಾಂಟ್ರಾಸ್ಟ್, ಅಂದರೆ ಬೆಳಕು ಕತ್ತಲಿನ ವ್ಯತ್ಯಾಸ, ಜಾಸ್ತಿ ಮಾಡುತ್ತದೆ, ಅದೂ ಅಗಲವಾಗಿ. ಮುಖದಲ್ಲಿ ಅಂಥ ಜಾಗ ಅಂದರೆ ಕೆನ್ನೆ, ಕಣ್ಣಿನ ಕೆಳಗಿನ ಗುಳಿ, ಬಾಯಿಯ ಪಕ್ಕ. ಅವೆಲ್ಲ ಒಟ್ಟಿಗೆ ಕಪ್ಪಾಗುತ್ತವೆ, ಚರ್ಮದ ಬಣ್ಣವೂ ಬಿಳಿಚಿಕೊಳ್ಳುತ್ತದೆ. ಕಾಯಿಲೆ ಕಳೆ ಬರುವುದು ಹಾಗೆ. ಮೊದಲು ಅದನ್ನು ಸೊನ್ನೆಗೆ ತನ್ನಿ.

ಅದರ ಬದಲು ಟೆಕ್ಸ್ಚರ್ ಬಳಸಿ. 2019ರಲ್ಲಿ ಲೈಟ್‌ರೂಮ್‌ಗೆ ಬಂದ ಸ್ಲೈಡರ್ ಇದು. ಲೈಟ್‌ರೂಮ್ ಮಾಡಿದ ಅಡೋಬಿಯವರು ಇದರ ಕೆಲಸ ಶುರು ಮಾಡಿದ್ದೇ ಚರ್ಮ ನುಣುಪು ಮಾಡುವುದಕ್ಕೆ. ಎಡಕ್ಕೆ ಎಳೆದರೆ ನುಣುಪು, ಬಲಕ್ಕೆ ಎಳೆದರೆ ಗೆರೆ. ರವೆ ಚೆಲ್ಲಿದಂಥ ನಾಯ್ಸ್ ಅನ್ನು ಅದು ಅಷ್ಟಾಗಿ ಕೆದಕುವುದಿಲ್ಲ, ಕೆನ್ನೆಯಂಥ ದೊಡ್ಡ ಜಾಗವನ್ನು ಕಪ್ಪು ಮಾಡುವುದೂ ಇಲ್ಲ. ನಡುವಿನ ಅಳತೆಯ ಗೆರೆ, ಮಡಿಕೆಗಳನ್ನು ಹಿಡಿಯುತ್ತದೆ. ನನ್ನ ಅನುಭವದಲ್ಲಿ 20ರಿಂದ 35 ಸಾಕು. ಅದನ್ನೂ ಇಡೀ ಫೋಟೋಗೆ ಹಾಕಬೇಡಿ. ಫೋಟೋದ ಒಂದು ಭಾಗಕ್ಕಷ್ಟೇ ಎಡಿಟ್ ತಾಗಿಸುವ ಮಾಸ್ಕ್‌ನಲ್ಲಿ ಪೀಪಲ್ ಅಂತ ಇದೆ, ಅದರೊಳಗೆ ಮುಖದ ಚರ್ಮವನ್ನು ಮಾತ್ರ ಆರಿಸಬಹುದು. ಹಾಗೆ ಮಾಡದಿದ್ದರೆ ಅಜ್ಜಿಯ ಬಿಳಿ ಕೂದಲು ತಂತಿಯ ಹಾಗಾಗುತ್ತದೆ, ಸೀರೆಯ ನೂಲು ಮುಖಕ್ಕಿಂತ ಮುಂದೆ ಬಂದು ನಿಲ್ಲುತ್ತದೆ.

ಇನ್ನು ಬೆಳಕಿನ ವಿಷಯ. ಉತ್ತ ಹೊಲವನ್ನು ಮಧ್ಯಾಹ್ನ ನೋಡಿದರೆ ಚಪ್ಪಟೆ. ಸಂಜೆ ಐದೂವರೆಗೆ ಅದೇ ಹೊಲದಲ್ಲಿ ಒಂದೊಂದು ಸಾಲನ್ನೂ ಎಣಿಸಬಹುದು. ಮುಖವೂ ಹಾಗೇ ಅಲ್ವಾ. ಸುಕ್ಕು ಕಾಣಬೇಕಾದರೆ ಬೆಳಕು ಪಕ್ಕದಿಂದ ಬರಬೇಕು, ಒಂದು ಕಡೆ ಮಿನುಗು, ಒಂದು ಕಡೆ ನೆರಳು ಬೀಳಬೇಕು. ಜಗುಲಿ ಮೇಲೆ ತೆಗೆದಿದ್ದೀರಿ ಅಂದರೆ ಬೆಳಕು ಒಂದು ಪಕ್ಕದಿಂದಲೇ ಬಂದಿರಬೇಕು, ಒಳ್ಳೆಯದಾಯಿತು. ಎದುರಿನಿಂದ ಫ್ಲ್ಯಾಶ್ ಹೊಡೆದಿದ್ದರೆ ಮಾತ್ರ ಎಡಿಟ್‌ನಲ್ಲಿ ಎಷ್ಟು ಒದ್ದಾಡಿದರೂ ಗೆರೆ ಹುಟ್ಟುವುದಿಲ್ಲ. ಫೋನಿನಲ್ಲಿ ತೆಗೆದದ್ದಾದರೆ ಬ್ಯೂಟಿ ಮೋಡ್ ಆಫ್ ಇತ್ತಾ ನೋಡಿಕೊಳ್ಳಿ. ಅದು ಅಳಿಸಿದ ಚರ್ಮ ವಾಪಸ್ ಬರುವುದಿಲ್ಲ. ಇನ್ನೊಮ್ಮೆ ತೆಗೆಯುವ ಅವಕಾಶವಿದ್ದರೆ ರಾ ಫೈಲ್‌ನಲ್ಲಿ, ಅಂದರೆ ಕ್ಯಾಮೆರಾ ತಾನೇ ತಿದ್ದದೆ ಉಳಿಸುವ ಫೈಲ್‌ನಲ್ಲಿ, ತೆಗೆಯಿರಿ.

ಕಪ್ಪು ಬಿಳುಪು ಮಾಡುವ ಯೋಚನೆ ಇದೆಯಾ? ನಮ್ಮ ಚರ್ಮದ ಬಣ್ಣವೆಲ್ಲ ಹೆಚ್ಚಾಗಿ ಕೆಂಪು, ಕಿತ್ತಳೆಯಲ್ಲೇ ಇರುತ್ತದೆ. ಡಿಜಿಟಲ್ ಫೋಟೋ ಕೆಂಪು, ಹಸಿರು, ನೀಲಿ ಅನ್ನುವ ಮೂರು ಚಾನೆಲ್ ಸೇರಿ ಆಗುತ್ತದೆ. ಕೆಂಪು ಚಾನೆಲ್ ಒಂದನ್ನೇ ನೋಡಿದರೆ ಮುಖ ಬೆಣ್ಣೆಯಂತಿರುತ್ತದೆ. ನೀಲಿ ಚಾನೆಲ್‌ನಲ್ಲಿ ಪ್ರತಿ ಮಚ್ಚೆ, ಪ್ರತಿ ಗೆರೆ ಎದ್ದು ಬರುತ್ತದೆ. ಹಳೆಯ ಕಾಲದ ಆರ್ಥೋಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಬಣ್ಣವೇ ಕಾಣುತ್ತಿರಲಿಲ್ಲ, ಅದಕ್ಕೇ ಆ ಫೋಟೋಗಳಲ್ಲಿ ಚರ್ಮ ಅಷ್ಟು ಒರಟಾಗಿ, ಗಟ್ಟಿಯಾಗಿ ಬರುತ್ತಿತ್ತು. ಕಪ್ಪು ಬಿಳುಪು ಮಾಡಿದ ಮೇಲೆ ಕಿತ್ತಳೆಯ ಸ್ಲೈಡರ್ ಅನ್ನು ಸ್ವಲ್ಪ ಇಳಿಸಿ, 10, 15 ಅಷ್ಟೇ. ನಿಮಗೇ ಗೊತ್ತಾಗುತ್ತದೆ.

ನಿಜವಾದ ಕೆಲಸ ಇರುವುದು ಡಾಡ್ಜ್ ಮತ್ತು ಬರ್ನ್‌ನಲ್ಲಿ. ಬೇಕಾದ ಕಡೆ ಬೆಳಗಿಸುವುದು, ಬೇಕಾದ ಕಡೆ ಕಪ್ಪು ಮಾಡುವುದು. ಫೋಟೋಶಾಪ್‌ನಲ್ಲಿ ಹೊಸ ಲೇಯರ್ (ಫೋಟೋದ ಮೇಲೆ ಹಾಸಿದ ಹಾಳೆಯಂಥ ಪದರ) ತೆಗೆದು 50% ಬೂದು ತುಂಬಿ, ಅದು ಕೆಳಗಿನ ಫೋಟೋ ಜೊತೆ ಬೆರೆಯುವ ಬಗೆಯನ್ನು, ಅಂದರೆ ಬ್ಲೆಂಡ್ ಮೋಡ್ ಅನ್ನು, ಸಾಫ್ಟ್ ಲೈಟ್ ಇಡಿ. ಮೆತ್ತನೆಯ ಬ್ರಷ್, ಫ್ಲೋ, ಅಂದರೆ ಬ್ರಷ್‌ನಿಂದ ಬೀಳುವ ಬಣ್ಣದ ಪ್ರಮಾಣ, 3 ಅಥವಾ 4%. ಈಗ ಹಣೆಯ ಒಂದು ಗೆರೆಯನ್ನು ದೊಡ್ಡದು ಮಾಡಿ ನೋಡಿ. ಅದು ಬರೀ ಗೆರೆಯಲ್ಲ, ಒಂದು ಬದು ಮತ್ತು ಒಂದು ಕಾಲುವೆ. ಬದುವಿನ ಮೇಲೆ ಬಿಳಿ ಬ್ರಷ್, ಕಾಲುವೆಯೊಳಗೆ ಕರಿ ಬ್ರಷ್. ಎರಡು ಸಲ ಎಳೆದರೆ ಏನೂ ಆಗಲಿಲ್ಲ ಅನಿಸುತ್ತದೆ, ಏಳೆಂಟು ಸಲಕ್ಕೆ ಗೆರೆಗೆ ಆಳ ಬರುತ್ತದೆ. ಆಗಾಗ ಫೋಟೋವನ್ನು ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ ನೋಡಿ. ಚಿಕ್ಕದರಲ್ಲೂ ಅಜ್ಜಿ ಅಜ್ಜಿಯೇ ಅನಿಸಬೇಕು. ನನಗೆ ಒಂದು ಮುಖಕ್ಕೆ ಒಂದೂವರೆ ಗಂಟೆ ಹಿಡಿಯುತ್ತದೆ, ಅವಸರ ಮಾಡಿದ್ದೆಲ್ಲ ಕೆಟ್ಟಿದೆ. ಫೋಟೋಶಾಪ್ ಇಲ್ಲದಿದ್ದರೆ ಫೋನಿನ ಸ್ನ್ಯಾಪ್‌ಸೀಡ್ ಆ್ಯಪ್‌ನಲ್ಲೂ ಡಾಡ್ಜ್ ಅಂಡ್ ಬರ್ನ್ ಇದೆ, ಅದು ಪುಕ್ಕಟೆ.

ನಮ್ಮ ಕಡೆಯ ಕಪ್ಪು, ಗೋಧಿ ಬಣ್ಣದ ಮುಖಗಳಿಗೆ ಒಂದು ಮಾತು. ಬೆಳ್ಳಗಿನವರ ಮುಖದಲ್ಲಿ ಸುಕ್ಕನ್ನು ತೋರಿಸುವುದು ಮುಖ್ಯವಾಗಿ ನೆರಳು. ಕಪ್ಪು ಚರ್ಮದಲ್ಲಿ ತೋರಿಸುವುದು ಮಿನುಗು, ಕೊಬ್ಬರಿ ಎಣ್ಣೆ ಹಚ್ಚಿದ ಹಣೆಯ ಮೇಲೆ ಗೆರೆಗಳ ಅಂಚಿಗೆ ನಿಲ್ಲುವ ಆ ಸಣ್ಣ ಹೊಳಪು. ತೀರಾ ಬೆಳಕಿನ ಜಾಗಗಳನ್ನು ತಿದ್ದುವ ಹೈಲೈಟ್ ಸ್ಲೈಡರ್ ಇಳಿಸಿ ಅದನ್ನು ಕೊಂದುಬಿಟ್ಟರೆ ಮುಖ ಮಣ್ಣಿನ ಗೋಡೆಯಾಗುತ್ತದೆ. ಹಾಗೇ ಸುಮ್ನೆ ಮುಖವನ್ನು ಬೆಳ್ಳಗೆ ಮಾಡಲು ಹೋಗಬೇಡಿ, ದಯವಿಟ್ಟು. ಹಣೆಗೆ ವಿಭೂತಿ ಇದ್ದರೆ ಅದು ಬಿಳಿಯಾಗಿ ಸುಟ್ಟುಹೋಗದ ಹಾಗೆ ನೋಡಿಕೊಳ್ಳಿ.

ಕಣ್ಣನ್ನೂ ಜಾಸ್ತಿ ಮುಟ್ಟಬೇಡಿ. ವಯಸ್ಸಾದ ಬಹಳ ಜನರ ಕರಿಗುಡ್ಡೆಯ ಸುತ್ತ ತೆಳುವಾದ ಬೂದು ಬಳೆಯೊಂದು ಇರುತ್ತದೆ. ಅದನ್ನು ಅಳಿಸಿ, ಬಿಳಿಭಾಗವನ್ನು ಬೆಳಗಿಸಿ, ಶಾರ್ಪ್ ಮಾಡಿದರೆ ಎಂಬತ್ತರ ಮುಖದಲ್ಲಿ ಇಪ್ಪತ್ತರ ಕಣ್ಣು ಕೂರುತ್ತದೆ.

ತೆಗೆಯುವುದು ಏನನ್ನು, ಬಿಡುವುದು ಏನನ್ನು? ಸೊಳ್ಳೆ ಕಚ್ಚಿದ ಗುಳ್ಳೆ, ಕೆನ್ನೆಗಂಟಿದ ದಾರದ ಎಳೆ ತೆಗೆಯಿರಿ. ವಾರದಲ್ಲಿ ಹೋಗುವಂಥದ್ದು ಫೋಟೋದಲ್ಲಿ ಇರಬೇಕಾಗಿಲ್ಲ. ಹಚ್ಚೆ, ಮಚ್ಚೆ, ಓಲೆಯ ಭಾರಕ್ಕೆ ಜೋತುಬಿದ್ದ ಕಿವಿ, ಎಲೆ ಅಡಿಕೆಯಿಂದ ಕೆಂಪಾದ ತುಟಿ, ಇವೆಲ್ಲ ಇರಲಿ. ಇದನ್ನು ನಾನು ಕಲಿತದ್ದು ನಮ್ಮ ಮನೆಯಲ್ಲೇ. 2011ರಲ್ಲಿ ನಮ್ಮ ತಾತ ಹೋದಾಗ ಫ್ರೇಮ್ ಹಾಕಿಸಲು ಒಂದು ಸ್ಟುಡಿಯೋಗೆ ಫೋಟೋ ಕೊಟ್ಟಿದ್ದೆವು. ಹಾರ ಹಾಕಲು ತಂದು ನೋಡಿದರೆ ತಾತನ ಮುಖ ಬೊಂಬೆಯ ಹಾಗೆ ನುಣುಪಾಗಿತ್ತು. ಎಡ ಹುಬ್ಬಿನ ಮೇಲೆ ಎತ್ತಿನ ಕೊಂಬು ತಾಗಿ ಆಗಿದ್ದ ಗಾಯದ ಗುರುತೂ ಇರಲಿಲ್ಲ. ಅಮ್ಮ ಸ್ವಲ್ಪ ಹೊತ್ತು ನೋಡಿ, "ಇದು ನಮ್ಮಪ್ಪ ಅಲ್ಲ ಕಣೋ" ಅಂದರು. ತಿಥಿಗೆ ಅದನ್ನೇ ಇಟ್ಟೆವು, ಬೇರೆ ಇರಲಿಲ್ಲ. ಆಮೇಲೆ ಎಷ್ಟೋ ವರ್ಷಕ್ಕೆ ಮೂಲ ಫೈಲ್ ಹಳೆಯ ಸಿಡಿಯೊಂದರಲ್ಲಿ ಸಿಕ್ಕಿತು. ನಾನೇ ಕೂತು ಮಾಡಿದೆ. ಆ ಗಾಯದ ಗುರುತಿನ ಮೇಲೆ ಒಂದು ಸಣ್ಣ ಬಿಳಿ ಗೆರೆ, ಅದರ ಕೆಳಗೆ ಒಂದು ಕರಿ ಗೆರೆ, ಅಷ್ಟೇ ಎಳೆದದ್ದು. ಅಮ್ಮ ಪ್ರಿಂಟ್ ಕೈಗೆ ತೆಗೆದುಕೊಂಡು ಮೊದಲು ಬೆರಳಿಟ್ಟದ್ದು ಅಲ್ಲಿಗೇ.

ಪ್ರಿಂಟ್ ಹಾಕಿಸುವಾಗ ಮ್ಯಾಟ್ ಪೇಪರ್ ಕೇಳಿ. ಮ್ಯಾಟ್‌ನಲ್ಲಿ ಕಪ್ಪು ಸ್ವಲ್ಪ ತಿಳಿಯಾಗಿ ಬರುತ್ತದೆ, ಸುಕ್ಕಿನ ಆಳವೂ ಸ್ಕ್ರೀನಿನಲ್ಲಿ ಕಂಡಷ್ಟು ಕಾಣುವುದಿಲ್ಲ. ಹಾಗಾಗಿ ದೊಡ್ಡದು ಹಾಕಿಸುವ ಮೊದಲು ಒಂದು 4x6 ಹಾಕಿಸಿ ನೋಡಿ. ಅದನ್ನು ಮೊದಲು ಅಜ್ಜಿಗೇ ತೋರಿಸಿ. ಅವರು "ಈ ಗೆರೆ ಬೇಡ ಮಗಾ" ಅಂದರೆ ಫೈಲ್ ತೆರೆದು ಆ ಬೂದು ಲೇಯರ್‌ನ ಒಪಾಸಿಟಿ, ಅಂದರೆ ಗಾಢತೆ, ಇಳಿಸಿ. ಬೇರೆ ಲೇಯರ್‌ನಲ್ಲಿ ಮಾಡಿ ಅಂದದ್ದು ಅದಕ್ಕೇ.