ಬೇಸ್ ಕೇಳಿಸುವುದಿಲ್ಲ ಎಂಬ ದೂರು

ದಾವಣಗೆರೆಯ ಆರ್ಕೆಸ್ಟ್ರಾಗಳಲ್ಲಿ ಬೇಸ್ ಗಿಟಾರ್ ನುಡಿಸುವ ಓದುಗರೊಬ್ಬರು ಬರೆದಿದ್ದಾರೆ: ‘ನನಗೆ ಫಂಕ್ ಎಂಬ ಅಮೆರಿಕದ ಲಯಪ್ರಧಾನ ಸಂಗೀತದ ಹುಚ್ಚು. ನೀನು ನುಡಿಸುವುದು ಕೇಳಿಸುವುದೇ ಇಲ್ಲವಲ್ಲ ಎಂದು ಮನೆಯವರು ಹಂಗಿಸುತ್ತಾರೆ. ಈ ಊರಿನ ಮದುವೆಗೆ ಫಂಕ್ ಯಾಕಪ್ಪ ಎಂದು ತಂಡದವರು ನಗುತ್ತಾರೆ. ಮೊನ್ನೆ ಒಂದು ಭಾವಗೀತೆಗೆ ಸ್ಲ್ಯಾಪ್ (ಹೆಬ್ಬೆರಳಿನಿಂದ ತಂತಿಯನ್ನು ಗುದ್ದಿ ನುಡಿಸುವ ಬಗೆ) ಹೊಡೆದೆನೆಂದು ಗಾಯಕಿಯಿಂದ ಬೈಸಿಕೊಂಡೆ. ನನ್ನದು ತಪ್ಪೇ?’

ಸಂಪಾದಕರ ಉತ್ತರ:

ಮನೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ನಿಮ್ಮ ವಾದ್ಯದ ಅತಿ ದಪ್ಪ ತಂತಿಯನ್ನು ಒತ್ತದೆ ಮೀಟಿದರೆ ಸೆಕೆಂಡಿಗೆ ಸುಮಾರು 41 ಕಂಪನಗಳ ನಾದ ಹುಟ್ಟುತ್ತದೆ. ಅವರು ನಿಮ್ಮ ಕಾರ್ಯಕ್ರಮವನ್ನು ನೋಡುವ ಮೊಬೈಲಿನ ಪುಟ್ಟ ಸ್ಪೀಕರಿಗೆ ಅದನ್ನು ಹೊರಡಿಸುವ ತ್ರಾಣವಿಲ್ಲ. ಒಮ್ಮೆ ಒಳ್ಳೆಯ ಹೆಡ್‌ಫೋನ್ ಹಾಕಿ ಕೇಳಿಸಿ.

ತಂಡದವರಿಗೆ ಹೇಳಬೇಕಾದದ್ದು ಬೇರೆ. 1960ರ ದಶಕದ ನಡುವಿನಲ್ಲಿ ಅಮೆರಿಕದ ಗಾಯಕ ಜೇಮ್ಸ್ ಬ್ರೌನ್, ನಾಲ್ಕು ಪೆಟ್ಟಿನ ತಾಳದಲ್ಲಿ ಎರಡು ಮತ್ತು ನಾಲ್ಕನೆಯ ಪೆಟ್ಟುಗಳಿಗೆ ಬೀಳುತ್ತಿದ್ದ ಒತ್ತನ್ನು ಮೊದಲ ಪೆಟ್ಟಿಗೆ ತಂದಾಗ ಬೇಸ್‌ನ ಯೋಗ್ಯತೆಯೇ ಬದಲಾಯಿತು. ತಬಲಾ ಬಲ್ಲವರಿಗೆ ‘ಸಮ’, ಅಂದರೆ ತಾಳದ ಆವರ್ತನದ ಮೊದಲ ಪೆಟ್ಟು, ನೆನಪಾಗಬಹುದು. ಆದರೆ ಆ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು, ಏಕೆಂದರೆ ಸಮದಲ್ಲಿ ಸುತ್ತಿ ಬಂದು ಸೇರುವ ಸಮಾಧಾನವಿದೆ, ಫಂಕ್‌ನಲ್ಲಿ ನಾಲ್ಕು ಪೆಟ್ಟಿಗೊಮ್ಮೆ ಬಾಗಿಲು ಬಡಿಯುವ ಜೋರಿದೆ. 1970ರಲ್ಲಿ ಬ್ರೌನ್ ತಂಡ ಸೇರಿದ ಬೇಸ್ ವಾದಕ ಬೂಟ್ಸಿ ಕಾಲಿನ್ಸ್ ಆ ಪಾಠವನ್ನು ಜಾರ್ಜ್ ಕ್ಲಿಂಟನ್ನರ ಫಂಕ್ ತಂಡಕ್ಕೂ ಒಯ್ದರು. ಅಲ್ಲಿಂದ ಡಿಸ್ಕೋ, ಹಿಪ್‌ಹಾಪ್. ನೀವು ಪ್ರತಿ ಆರತಕ್ಷತೆಯಲ್ಲೂ ನುಡಿಸುವ 1980ರ ದಶಕದ ಸಿನಿಮಾ ಹಾಡುಗಳ ಡಿಸ್ಕೋ ನಡೆಯಲ್ಲಿ ಫಂಕ್ ಆಗಲೇ ಬಂದು ಕೂತಿದೆ. ನಿಮ್ಮ ಗೆಳೆಯರು ಅದನ್ನು ಗುರುತಿಸಿಲ್ಲ, ಅಷ್ಟೆ.

ಇನ್ನು ಸ್ಲ್ಯಾಪ್. ಅಮೆರಿಕದ ಬೇಸ್ ವಾದಕ ಲ್ಯಾರಿ ಗ್ರಹಾಂ ಮೊದಲು ತಾಯಿಯ ಪುಟ್ಟ ತಂಡದಲ್ಲಿ ಗಿಟಾರ್ ನುಡಿಸುತ್ತಾ, ಕಾಲಿನಲ್ಲಿ ಆರ್ಗನ್‌ನ ಪೆಡಲ್ ಒತ್ತಿ ಮಂದ್ರ ಸ್ವರ ಕೊಡುತ್ತಿದ್ದರು. ಆರ್ಗನ್ ಕೆಟ್ಟಿತು, ತಾತ್ಕಾಲಿಕವೆಂದು ಬಾಡಿಗೆಗೆ ತಂದ ಬೇಸ್ ಕೈಯಲ್ಲೇ ಉಳಿಯಿತು. ಮುಂದೆ ಡ್ರಮ್ಸ್ ವಾದಕರೂ ಇಲ್ಲವಾದಾಗ, ಹೆಬ್ಬೆರಳಿನಿಂದ ತಂತಿಯನ್ನು ಗುದ್ದಿ, ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿನ ಕೊರತೆಯನ್ನೂ, ಬೆರಳಿನಿಂದ ಸೆಳೆದು ಬಿಟ್ಟು, ಚಟೀರೆನ್ನುವ ಪುಟ್ಟ ಡ್ರಮ್ಮಾದ ಸ್ನೇರ್‌ನ ಕೊರತೆಯನ್ನೂ ತುಂಬಿಕೊಂಡರು. ಸ್ಲ್ಯಾಪ್ ಹುಟ್ಟಿದ್ದು ಹೀಗೆ, ಡ್ರಮ್ಸ್ ಇಲ್ಲದ ಜಾಗದಲ್ಲಿ. ನಿಮ್ಮ ತಂಡದಲ್ಲಾದರೋ ಡ್ರಮ್ಸ್ ಇದೆ, ರಿದಂ ಪ್ಯಾಡ್ ಇದೆ, ಸಾಲದ್ದಕ್ಕೆ ಢೋಲಕ್ ಬೇರೆ! ಭಾವಗೀತೆಯ ವಿಷಯದಲ್ಲಿ ನಾವು ಗಾಯಕಿಯ ಪಕ್ಷ.

ಡ್ರಮ್ಸ್‌ನವರೊಡನೆ ಕುಳಿತು, ಹತ್ತು ನಿಮಿಷ ಮೊದಲ ಪೆಟ್ಟನ್ನು ಮಾತ್ರ ನುಡಿಸಿ, ಉಳಿದ ಮೂರನ್ನು ಖಾಲಿ ಬಿಟ್ಟು ನೋಡಿ. ಕೈ ತಡೆಯುವುದು ಎಷ್ಟು ಕಷ್ಟವೆಂದು ತಿಳಿಯುತ್ತದೆ. ದುಗ್ಗಮ್ಮನ ಜಾತ್ರೆಯಲ್ಲಿ ನಿಮ್ಮ ಕಾರ್ಯಕ್ರಮವಿದ್ದರೆ ತಿಳಿಸಿ, ಕೇಳಲು ನಾವೂ ಬರುತ್ತೇವೆ.